ಎಲ್ಲರ ಬದಲು ನಾನೇ ನೋಡಿದ ಚಿತ್ರಗಳು

ನನ್ನ ತಮ್ಮ ಬೆಳೆದು ದೊಡ್ಡವನಾದ ಮೇಲೆ ನನ್ನನ್ನು ಕೇಳಿದ್ದು ಒಂದೇ ಒಂದು ಉಪಕಾರ. ಅಂಗಡಿಗೆ ಬರುವ ಹೆಂಗಸರ ಕೈಗೆ ಒಂದು ಟ್ಯಾಬ್ ಕೊಟ್ಟು, ಅದರಲ್ಲಿರುವ ಚಿತ್ರಗಳನ್ನು ಅವರು ನೋಡುವಂತೆ ಮಾಡಬೇಕಿತ್ತು. ನಾನು ಮಾಡಲಿಲ್ಲ. ಮೊದಲ ಇಬ್ಬರು ಮೂವರನ್ನು ಬಿಟ್ಟರೆ, ಉಳಿದವರೆಲ್ಲರ ಬದಲು ನಾನೇ ನೋಡಿದೆ. ಕೊನೆಗೆ ಅವನನ್ನು ಸುಳ್ಳುಗಾರ ಎಂದು ನಿಲ್ಲಿಸಿ ಕೇಳಿದಾಗಲೂ ನಾನು ಬಾಯಿ ಬಿಡಲಿಲ್ಲ. ಚಿತ್ರ ನೋಡಿದ್ದಕ್ಕಿಂತ ಹಾಗೆ ಸುಮ್ಮನಿದ್ದದ್ದೇ ಇವತ್ತಿಗೂ ಹೆಚ್ಚು ಚುಚ್ಚುತ್ತದೆ.

ಹೋದ ಭಾನುವಾರ ಪಕ್ಕದ ಮನೆಯವರು ನೆಲದಡಿಯ ನೀರಿನ ಸಂಪು ತೊಳೆಸಿದರು. ಬ್ಲೀಚಿಂಗ್ ಪುಡಿಯ ವಾಸನೆ ಅಂಗಡಿಯೊಳಗೆ ಬಂತು. ರೇಷ್ಮೆ ದಾರ ಸುತ್ತುತ್ತಿದ್ದ ಕೈ ತಾನಾಗಿ ನಿಂತಿತು. ಎದ್ದು ಹೋಗಿ ಅವರ ಸಂಪಿನ ಮುಚ್ಚಳ ಹಾಕಿದೆಯೋ ಇಲ್ಲವೋ ಎಂದು ನೋಡಿ ಬಂದೆ. ಅವರ ಮನೆಯಲ್ಲಿ ಚಿಕ್ಕ ಮಕ್ಕಳೇ ಇಲ್ಲ. ವಾಪಸು ಬಂದು ಕೂತಾಗ ಆ ವರ್ಷದ ಶ್ರಾವಣದಿಂದ ದೀಪಾವಳಿಯವರೆಗಿನ ಮಳೆಗಾಲ ಪೂರ್ತಿ ಎದೆಯ ಮೇಲೆ ಬಂದು ಕೂತಿತು.

ನನ್ನದು ಉತ್ತರಹಳ್ಳಿಯಲ್ಲಿ ಒಂದು ಸಣ್ಣ ಅಂಗಡಿ. ಸೀರೆಗೆ ಫಾಲ್ ಹೊಲಿಯುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಓದಿದ್ದು ಏಳನೇ ಕ್ಲಾಸು. ಅಮ್ಮ ಬನಶಂಕರಿಯ ಮನೆಗಳಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದರು, ಅಪ್ಪ ಇರಲಿಲ್ಲ, ತಮ್ಮ ನವೀನ ಇನ್ನೂ ಅಂಬೆಗಾಲಿಡುತ್ತಿದ್ದ. ಯಾರಾದರೊಬ್ಬರು ಮನೆಯಲ್ಲಿ ಉಳಿಯಬೇಕಿತ್ತು. ನಾನು ಉಳಿದೆ. ಇದನ್ನು ಹೇಳುವುದು ಅವನ ಮೇಲೆ ಋಣ ಹೊರಿಸುವುದಕ್ಕಲ್ಲ. ಅವನನ್ನು ಓದಿಸಿದ್ದು ನಾನೇ ಎಂಬ ಹೆಮ್ಮೆಯಿಂದ ಎಷ್ಟೋ ವರ್ಷ ಬದುಕಿದ್ದೇನೆ. ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವನು ಕಾಲೇಜಿನಲ್ಲಿ ಎಂಟೆಕ್ ಓದುತ್ತಿದ್ದ, ನಾನು ಕುಚ್ಚು ಕಟ್ಟುತ್ತಿದ್ದೆ.

ಆಷಾಢ ಮುಗಿಯುವ ಹೊತ್ತಿಗೆ ಒಂದು ಸಂಜೆ ಮುದ್ದೆ ಮುರಿಯುತ್ತಾ ಕೂತಿದ್ದಾಗ ಅವನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

"ಅಕ್ಕ, ಇದೇನು ಹೇಳು."

ಜಯನಗರದ ಯಾವುದೋ ಬೇಕರಿಯ ಮುಂದೆ ಹಸು ನಿಂತಿತ್ತು.

"ಹಸು. ಇದಕ್ಕೆ ಎಂಟೆಕ್ ಬೇಕೇನೋ?"

"ಕಂಪ್ಯೂಟರ್ ಏನಂತು ಗೊತ್ತಾ? ನಾಯಿ ಅಂತು."

"ಅಯ್ಯೋ, ಅದಕ್ಕೆ ಕೊಂಬು ಕಾಣ್ಲಿಲ್ವಾ?"

"ಕೊಂಬು ನೋಡೇ ಇಲ್ಲ. ನೋಡು, ಇದು ಅದು ನೋಡಿದ ಜಾಗ." ಒಂದು ಗುಂಡಿ ಒತ್ತಿದ. ಚಿತ್ರದ ಮೇಲೆ ಬಣ್ಣ ಚೆಲ್ಲಿದಂತಾಯಿತು. ಎಲ್ಲಿ ಹೆಚ್ಚು ಗಮನ ಕೊಟ್ಟಿದೆಯೋ ಅಲ್ಲಿ ಕೆಂಪು, ಕೊಡದ ಕಡೆ ನೀಲಿ. ಹಸುವಿನ ಮೇಲೆ ಬರೀ ನೀಲಿ. ಕೆಂಪೆಲ್ಲ ಫುಟ್‌ಪಾತಿನ ಕಲ್ಲಿನ ಮೇಲೆ, ಬೇಕರಿಯ ಶಟರ್ ಮೇಲೆ. "ಅದು ಕಲ್ತಿರೋ ಫೋಟೋಗಳಲ್ಲಿ ಹಸು ಹುಲ್ಲಲ್ಲೇ ಇರತ್ತೆ. ಫುಟ್‌ಪಾತಲ್ಲಿ ನಾಲ್ಕು ಕಾಲಿಂದು ನಿಂತ್ರೆ ನಾಯಿ ಅನ್ಕೊಳ್ಳತ್ತೆ. ಇದಾದ್ರೂ ಪರ್ವಾಗಿಲ್ಲ ಅಕ್ಕ, ತಪ್ಪು ಅಂತ ಗೊತ್ತಾಗತ್ತೆ. ಇದು ನೋಡು."

ಬನಶಂಕರಿ ಬಸ್ ನಿಲ್ದಾಣದ ಚಿತ್ರ. ಬಸ್ ಎಂದೇ ಹೇಳಿತ್ತಂತೆ. ಆದರೆ ಕೆಂಪು ಬಿದ್ದದ್ದು ಬಸ್ಸಿನ ಮೇಲಲ್ಲ, ಕಾಯುತ್ತಾ ನಿಂತ ಜನರ ಮೇಲೆ.

"ಉತ್ತರ ಸರಿ, ನೋಡಿದ ಜಾಗ ತಪ್ಪು. ನಾಳೆ ಜನ ಇಲ್ದೇ ಇರೋ ಕಡೆ ಬಸ್ ನಿಂತ್ರೆ ಇದಕ್ಕೆ ಬಸ್ಸೇ ಕಾಣಲ್ಲ."

"ಕಾಪಿ ಹೊಡ್ದು ಪಾಸಾಗಿದೆ ಅನ್ನು."

ಅವನು ಜೋರಾಗಿ ನಕ್ಕ. "ಸಖತ್ ಹೇಳ್ದೆ ಕಣಕ್ಕ! ನಾಳೆ ನಮ್ಮ ಗೈಡ್ ಮೇಡಂ ಹತ್ರ ಇದೇ ಹೇಳ್ತೀನಿ."

ಅವನ ಕೆಲಸ ಇದು: ಅದೇ ಚಿತ್ರಗಳನ್ನು ಮನುಷ್ಯರಿಗೆ ತೋರಿಸಿ, ಅವರು ಎಲ್ಲಿ ನೋಡುತ್ತಾರೆ, ಯಂತ್ರ ಎಲ್ಲಿ ನೋಡುತ್ತದೆ ಎಂದು ಪಕ್ಕಪಕ್ಕ ಇಟ್ಟು ಅಳೆಯುವುದು. ಅದಕ್ಕೊಂದು ಸುಲಭದ ಉಪಾಯ ಮಾಡಿದ್ದ. ಟ್ಯಾಬಿನಲ್ಲಿ ಚಿತ್ರ ಮಸುಕಾಗಿ ಬರುತ್ತದೆ, ಹಬೆ ಹತ್ತಿದ ಕನ್ನಡಕದಲ್ಲಿ ನೋಡಿದ ಹಾಗೆ. ಬೆರಳಿಟ್ಟ ಕಡೆ ಒಂದು ರೂಪಾಯಿಯಗಲ ಜಾಗ ತಿಳಿಯಾಗುತ್ತದೆ. ಹೀಗೆ ಒತ್ತುತ್ತಾ ಹೋಗಿ, ಏನೆಂದು ಗೊತ್ತಾದ ಕೂಡಲೇ ಕೆಳಗಿನ ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಎಲ್ಲೆಲ್ಲಿ ಒತ್ತಿದರು, ಯಾವುದನ್ನು ಮೊದಲು ಒತ್ತಿದರು ಎಂದು ಟ್ಯಾಬು ನೆನಪಿಟ್ಟುಕೊಳ್ಳುತ್ತದೆ. ಹೆಸರು ಬೇಡ, ವಯಸ್ಸು ಮತ್ತು ಕೆಲಸ ಹಾಕಿದರೆ ಸಾಕು.

"ಕಾಲೇಜಲ್ಲಿ ಬರೀ ಸ್ಟೂಡೆಂಟ್ಸೇ ಅಕ್ಕ. ಎಲ್ರೂ ಫೋನ್ ನೋಡಿ ನೋಡಿ ಒಂದೇ ಥರ ಆಗಿದಾರೆ. ನಿನ್ನ ಅಂಗಡಿಗೆ ಎಲ್ಲಾ ಥರದವರೂ ಬರ್ತಾರೆ. ಪ್ಲೀಸ್."

"ಬಿಡೋ, ಇದೇನ್ ಮಹಾ" ಎಂದೆ.

ವರಮಹಾಲಕ್ಷ್ಮಿ ಹಬ್ಬ ಹತ್ತಿರವಿತ್ತು. ವರ್ಷದಲ್ಲಿ ನನಗೆ ಕತ್ತೆತ್ತಲು ಪುರುಸೊತ್ತಿಲ್ಲದ ದಿನಗಳೆಂದರೆ ಅವೇ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಕುಚ್ಚು ಕಟ್ಟಲು ಬಂದ ಸೀರೆಗಳ ರಾಶಿ. ಮೊದಲು ಟ್ಯಾಬ್ ಹಿಡಿದವರು ಎದುರು ಮನೆಯ ಪದ್ಮಕ್ಕ. ಎರಡು ಸಲ ಒತ್ತಿ ಕೆಳಗಿಟ್ಟರು.

"ಏನೇ ಸರೋಜ ಇದು, ಬರೀ ಮಸುಕು. ನನ್ನ ಕಣ್ಣೇ ಹಾಳಾಗಿದೆ ಅಂತ ತೋರ್ಸೋಕೆ ಕರೆದ್ಯಾ?"

"ಬೆರಳಿಡಿ ಪದ್ಮಕ್ಕ, ಕಾಣತ್ತೆ."

"ಬೆರಳಿಟ್ರೆ ಬೆರಳಚ್ಚು ತಗೊಳ್ಳಲ್ವಾ? ಆಮೇಲೆ ಓಟಿಪಿ ಬಂದು ಬ್ಯಾಂಕಿನ ದುಡ್ಡೆಲ್ಲ ಹೋದ್ರೆ ನಿನ್ನ ತಮ್ಮ ಕೊಡ್ತಾನಾ?"

ಕೂತಿದ್ದವರೆಲ್ಲ ನಕ್ಕರು. ಆದರೆ ನಕ್ಕ ಮೇಲೆ ಒಬ್ಬರೂ ಟ್ಯಾಬ್ ಮುಟ್ಟಲಿಲ್ಲ. ಬಾಡಿಗೆ ಮನೆಯ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ಪಾಪ, ಪೂರ್ತಿ ಮಾಡಿದಳು. ಮುಗಿಸಿ, "ಇದನ್ನ ಮತ್ತ ಮಾಡು ಅನ್ನಬ್ಯಾಡ್ರಿ ಅಕ್ಕಾರ, ತಲಿ ಗಿರ್ ಅಂತೈತಿ" ಎಂದು ಓಡಿದಳು. ಇನ್ನೊಂದಿಬ್ಬರು ಸಂಕೋಚಕ್ಕೆ ಕಟ್ಟುಬಿದ್ದು ಮಾಡಿದರು. ನಾಲ್ಕನೇ ದಿನ ಪದ್ಮಕ್ಕ ಬಾಗಿಲಲ್ಲೇ ನಿಂತು, "ಆ ಪರೀಕ್ಷೆ ಇದ್ರೆ ಬರಲ್ಲ ಕಣೇ, ಸೀರೆ ಕೊಟ್ಟು ಹೋಗ್ತೀನಿ" ಎಂದರು. ಗಿರಾಕಿ ತಪ್ಪುವ ಹೆದರಿಕೆ ಶುರುವಾಯಿತು.

ನವೀನ ದಿನಾ ಕೇಳುತ್ತಿದ್ದ. "ಎಷ್ಟು ಜನ ಆದ್ರಕ್ಕ?"

"ಆಗ್ತಿದೆ."

ನಮ್ಮ ಮಹಿಳಾ ಸಂಘದಲ್ಲಿ ಒಂದು ರೂಢಿಯಿದೆ. ಸಭೆಗೆ ಬರಲಾಗದವರ ಹಾಜರಿಯನ್ನು ಬಂದವರೇ ಹಾಕಿಬಿಡುತ್ತಾರೆ. ಒಬ್ಬಳ ಮಗುವಿಗೆ ಜ್ವರ, ಇನ್ನೊಬ್ಬಳಿಗೆ ರಜ ಸಿಕ್ಕಿಲ್ಲ. ಅವಳದ್ದನ್ನು ನಾನು ಹಾಕುತ್ತೇನೆ, ನನ್ನದನ್ನು ಅವಳು. ಅದನ್ನು ಯಾರೂ ಮೋಸ ಎನ್ನುವುದಿಲ್ಲ, ಅನುಸರಿಸಿಕೊಂಡು ಹೋಗುವುದು ಎನ್ನುತ್ತಾರೆ. ಒಂದು ಮಧ್ಯಾಹ್ನ, ಮಳೆಗೆ ಯಾರೂ ಬಾರದ ಹೊತ್ತಿನಲ್ಲಿ, ನಾನು ಟ್ಯಾಬ್ ತೆಗೆದುಕೊಂಡು ಪದ್ಮಕ್ಕನ ವಯಸ್ಸು ಹಾಕಿ ಕೂತೆ. ಅವರ ಹಾಜರಿ ನಾನು ಹಾಕುತ್ತಿದ್ದೇನೆ ಎಂದಷ್ಟೇ ನನಗನಿಸಿದ್ದು.

ಆಮೇಲೆ ಅದು ಅಭ್ಯಾಸವಾಯಿತು. ನನ್ನ ಮಟ್ಟಿಗೆ ಬಹಳ ನಿಯತ್ತಿನಿಂದಲೇ ಮಾಡಿದೆ ಎಂದರೆ ಯಾರೂ ನಂಬಲಾರರು. ಪದ್ಮಕ್ಕನಾದರೆ ನಿಧಾನ, ಹಾಗಾಗಿ ನಿಧಾನವಾಗಿ ಒತ್ತಿದೆ. ಟೀಚರಮ್ಮನಾದರೆ ಚುರುಕು, ಅದಕ್ಕೆ ಬೇಗಬೇಗ. ಹೂವಿನ ಅಂಗಡಿಯವಳಾದರೆ ಒಂದೆರಡು ಉತ್ತರ ತಪ್ಪಾಗಿ ಆರಿಸಿದೆ. ಒಬ್ಬೊಬ್ಬರ ಹಾಗೆ ಕೂತು, ಒಬ್ಬೊಬ್ಬರ ಹಾಗೆ ಯೋಚಿಸಿದೆ ಎಂದುಕೊಂಡೆ. ಬೆರಳು ಮಾತ್ರ ನನ್ನದೇ ಆಗಿತ್ತು. ಅದು ಎಲ್ಲಿಗೆ ಹೋಗುತ್ತಿದೆ ಎಂದು ಒಂದು ಸಲವೂ ಗಮನಿಸಲಿಲ್ಲ.

ಗೌರಿ ಹಬ್ಬದ ದಿನ ಕಡುಬಿಗೆ ಹೂರಣ ತುಂಬುತ್ತಿದ್ದೆ. ನವೀನ ಅಡುಗೆಮನೆಗೇ ಲ್ಯಾಪ್‌ಟಾಪ್ ಹೊತ್ತು ತಂದ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆ ನೋಡಿರಲಿಲ್ಲ.

"ಅಕ್ಕ, ನಮ್ಮ ಹೆಂಗಸರು ಏನು ನೋಡ್ತಾರೆ ಗೊತ್ತಾ? ಬಸ್ ಅಂದ್ರೆ ಮೊದ್ಲು ಫುಟ್‌ಬೋರ್ಡ್. ಅಡುಗೆಮನೆ ಅಂದ್ರೆ ಒಲೆಯಿಂದ ಆಚೆ ಚಾಚಿರೋ ಬಾಣಲೆ ಹಿಡಿ. ರಸ್ತೆ ಅಂದ್ರೆ ಚರಂಡಿ ಮೇಲಿನ ಒಡೆದ ಕಲ್ಲು. ಮುಖ ನೋಡಲ್ಲ, ಬೋರ್ಡ್ ನೋಡಲ್ಲ. ಒಂದು ಮಗು ಎಲ್ಲಿ ಬೀಳತ್ತೆ, ಎಲ್ಲಿ ಸುಟ್ಕೊಳ್ಳತ್ತೆ, ಅದನ್ನ ಮೊದ್ಲು ನೋಡ್ತಾರೆ! ಹೆಚ್ಚುಕಡಿಮೆ ಎಲ್ರೂ! ಯಂತ್ರಕ್ಕೂ ಇವ್ರಿಗೂ ಅಜಗಜಾಂತರ. ಮೇಡಂ ಎಷ್ಟು ಖುಷಿಯಾದ್ರು ಗೊತ್ತಾ? ಇದನ್ನೇ ಮುಖ್ಯ ಮಾಡಿ ಬರಿ ಅಂದಿದಾರೆ."

ಪರದೆಯ ಮೇಲೆ ಚಿತ್ರದ ಹಿಂದೆ ಚಿತ್ರ ಸರಿಯಿತು. ಹೆಚ್ಚಿನವುಗಳಲ್ಲಿ ಕೆಂಪು ಕೆಳಗಡೆಯೇ, ನೆಲದ ಹತ್ತಿರ. ನನ್ನ ಕೈಯಲ್ಲಿದ್ದ ಕಡುಬು ಬಾಯಿ ಬಿಟ್ಟುಕೊಂಡಿತು.

ಅವನಿಗೆ ಎರಡು ವರ್ಷವಿದ್ದಾಗ ನಡೆದದ್ದು ಅವನಿಗೆ ನೆನಪಿಲ್ಲ. ಅಮ್ಮ ಹೇಳಿದ್ದರಿಂದ ಗೊತ್ತು, ಅಷ್ಟೇ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು, ಸಂಪಿಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ನಾನು ಇನ್ನೊಬ್ಬರ ಮನೆಯ ಕಿಟಕಿಯಲ್ಲಿ ನಿಂತು ಟೀವಿ ನೋಡುತ್ತಿದ್ದೆ. ಗಾರೆ ಕೆಲಸದವರೊಬ್ಬರು ಸಂಪಿನೊಳಗೆ ಬಿದ್ದಿದ್ದ ಅವನನ್ನು ಕಾಲು ಹಿಡಿದು ಎತ್ತಿ, ತಲೆಕೆಳಗು ಮಾಡಿ ಬೆನ್ನು ತಟ್ಟಿದರು. ನೀರು ಕಕ್ಕಿ ಅತ್ತ. ಅಮ್ಮ ನನ್ನನ್ನು ಹೊಡೆಯಲಿಲ್ಲ. "ನಿನ್ನ ನಂಬಿ ಹೋಗಿದ್ನಲ್ಲೇ" ಎಂದರು, ಮತ್ತೆ ನನ್ನ ಮುಂದೆ ಆ ಮಾತೇ ಎತ್ತಲಿಲ್ಲ. ಅಂದಿನಿಂದ ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ನೆಲಕ್ಕೆ ಹೋಗುತ್ತದೆ. ಅದು ನನಗೇ ಗೊತ್ತಿರಲಿಲ್ಲ. ನನ್ನ ತಮ್ಮನ ಲ್ಯಾಪ್‌ಟಾಪಿನಲ್ಲಿ ಕೆಂಪಾಗಿ ಕಂಡಾಗಲೇ ಗೊತ್ತಾಗಿದ್ದು.

ಆಗಲೇ ಹೇಳಬಹುದಿತ್ತು. "ಅದೆಲ್ಲ ನಾನೇ ಕಣೋ" ಎಂದಿದ್ದರೆ ಬೈಯುತ್ತಿದ್ದ, ಒಂದು ದಿನ ಮುನಿಸಿಕೊಳ್ಳುತ್ತಿದ್ದ, ಬೇರೆಯವರನ್ನು ಹುಡುಕುತ್ತಿದ್ದ. ಬದಲಿಗೆ "ಹೌದೇನೋ" ಎಂದೆ. ಕಡುಬಿನ ಬಾಯಿ ಒತ್ತಿ ಮುಚ್ಚಿದೆ.

ನವರಾತ್ರಿಗೆ ಮೊದಲು ತೊಡಕು ಶುರುವಾಯಿತು. ಅವನ ಗೈಡ್ ಮೇಡಂ ಕಾಲೇಜಿಗೆ ಕಣ್ಣಿನ ಚಲನೆಯನ್ನೇ ಹಿಡಿಯುವ ಕ್ಯಾಮೆರಾ ತರಿಸಿದ್ದರು. ಅದರ ಮುಂದೆ ಕ್ಯಾಂಟೀನಿನ ಹೆಂಗಸರನ್ನೂ ಹಾಸ್ಟೆಲಿನ ಆಯಾಗಳನ್ನೂ ಕೂರಿಸಿ ಅವೇ ಚಿತ್ರ ತೋರಿಸಿದರಂತೆ. ಅವರಲ್ಲಿ ಹೆಚ್ಚಿನವರು ಮುಖ ನೋಡಿದರು, ಬೋರ್ಡು ನೋಡಿದರು, ಒಬ್ಬೊಬ್ಬರು ಒಂದೊಂದು ಥರ. ನೆಲ ಯಾರಿಗೂ ಬೇಕಿರಲಿಲ್ಲ.

"ಇನ್ನೊಂದು ವಿಷ್ಯ ಕೇಳಿದ್ರು ಮೇಡಂ" ಎಂದ ನವೀನ, ತಟ್ಟೆಯಲ್ಲಿ ಅನ್ನ ಕಲಸುತ್ತಾ. "ಮೊದಲನೆಯವರು ಒಂದು ಚಿತ್ರಕ್ಕೆ ತುಂಬಾ ಸಲ ಒತ್ತಿದಾರೆ. ಆಮೇಲಿನವರು ಬರ್ತಾ ಬರ್ತಾ ಎರಡೋ ಮೂರೋ ಸಲ ಒತ್ತಿ ಉತ್ತರ ಹೇಳಿದಾರೆ. ಚಿತ್ರ ಮೊದ್ಲೇ ಗೊತ್ತಿದ್ದ ಹಾಗೆ."

"ಹಿಂದಿನವ್ರು ಹೇಳ್ಕೊಟ್ಟಿರ್ಬೇಕು ಬಿಡು."

"ಅದನ್ನೇ ಹೇಳ್ದೆ." ತುತ್ತು ನುಂಗಿ, "ಪದ್ಮಕ್ಕನ್ನ ಒಂದಿನ ಕಾಲೇಜಿಗೆ ಕರ್ಕೊಂಡ್ ಹೋಗ್ಲಾ? ವಯಸ್ಸು ನೋಡಿದ್ರೆ ಯಾವ್ದು ಅವ್ರದ್ದು ಅಂತ ಗೊತ್ತಾಗತ್ತೆ, ಅದೊಂದು ಹೊಂದಿದ್ರೂ ಸಾಕು."

"ಅವ್ರು ಮನೇಲಿಲ್ಲ. ಅರೆಕೆರೆಗೆ ಮಗಳ ಮನೆಗೆ ಹೋಗಿದಾರೆ. ಹಬ್ಬ ಆದ್ಮೇಲೇ ಬರೋದು."

ಮರುದಿನ ಬೆಳಿಗ್ಗೆ ನವೀನ ಚಪ್ಪಲಿ ಮೆಟ್ಟುತ್ತಿದ್ದಾಗಲೇ ಪದ್ಮಕ್ಕ ಕರಿಬೇವು ಹಿಡಿದು ಗೇಟು ತೆರೆದರು. "ಏನೋ ನವೀನ, ಸಣ್ಣಗಾಗ್ಬಿಟ್ಟಿದೀಯ! ಅಕ್ಕ ಊಟ ಹಾಕ್ತಾಳೋ ಇಲ್ವೋ?"

ಅವನು ನನ್ನ ಕಡೆ ನೋಡಿದ. ನಾನು ಅವನ ಚಪ್ಪಲಿ ನೋಡಿದೆ.

"ಹಾಕ್ತಾಳೆ ಪದ್ಮಕ್ಕ" ಎಂದಷ್ಟೇ ಹೇಳಿ ಹೊರಟುಹೋದ. ಮಗಳ ಮನೆಯಿಂದ ಯಾವಾಗ ಬಂದಿರಿ ಎಂದು ಕೇಳಲಿಲ್ಲ.

ಅಲ್ಲಿಂದ ಮುಂದಿನ ದಿನಗಳನ್ನು ನೆನೆಯಲು ಇಷ್ಟವಿಲ್ಲ. ಮಳೆ ಬಿಡಲಿಲ್ಲ. ಒಣಗದ ಬಟ್ಟೆಗಳು ಮನೆಯೊಳಗೆಲ್ಲ ತೂಗುತ್ತಿದ್ದವು, ಅವುಗಳ ನಡುವೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದೆವು. ಆಯುಧಪೂಜೆಯ ದಿನ ನನ್ನ ಹೊಲಿಗೆ ಮೆಷಿನ್ನಿಗೆ ಕುಂಕುಮ ಇಟ್ಟೆ. ಅವನ ಲ್ಯಾಪ್‌ಟಾಪಿಗೂ ಇಡಲು ಹೋದೆ.

"ಬೇಡ ಬಿಡಕ್ಕ. ಅದರಲ್ಲಿ ಈಗ ಕೆಲಸ ಇಲ್ಲ" ಎಂದ. ಪ್ರಾಜೆಕ್ಟ್ ನಿಲ್ಲಿಸಿದ್ದರು. ಆ ಲೆಕ್ಕಗಳನ್ನು ಅವನೇ ಕೂತು ಸೃಷ್ಟಿಸಿದ್ದಾನೆ ಎಂದು ಮೇಡಂಗೆ ಅನುಮಾನ. ವಿವರಣೆ ಕೊಡದಿದ್ದರೆ ಅವನ ಓದೇ ಅಲ್ಲಿಗೆ ನಿಲ್ಲಬಹುದಿತ್ತು.

ನಾನು ಏನು ಮಾಡಿದೆ? ಮದುವೆ ಸೀರೆಗಳಿಗೆ ಕುಚ್ಚು ಕಟ್ಟಿದೆ. ಬಾಯಿ ತೆರೆದರೆ ಇಷ್ಟು ವರ್ಷ ಅವನ ಮುಂದೆ ನಿಂತ ನಿಲುವೆಲ್ಲ ಕುಸಿಯುತ್ತದೆ ಎಂಬ ಭಯ. ಅವನಿಗೆ ಸುಳ್ಳು ಹೇಳಬಾರದೆಂದು ಕಿವಿ ಹಿಂಡಿ ಕಲಿಸಿದವಳು ನಾನೇ.

ದೀಪಾವಳಿಗೆ ಇನ್ನು ಕೆಲವೇ ದಿನವಿತ್ತು. ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದೆ. ನವೀನ ನೀರಿನ ಟ್ಯಾಂಕಿನ ಆಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ನಾನಿರುವುದು ಅವನಿಗೆ ಗೊತ್ತಿರಲಿಲ್ಲ.

"ಇಲ್ಲ ಮೇಡಂ, ನಮ್ಮಕ್ಕ ಸುಳ್ಳು ಹೇಳಲ್ಲ... ಅವ್ರನ್ನ ಕರ್ಕೊಂಡ್ ಬರೋದು ಬೇಡ ಮೇಡಂ, ಜಾಸ್ತಿ ಓದಿಲ್ಲ, ಹೆದರ್ಕೊಳ್ತಾರೆ... ಆಯ್ತು. ತಪ್ಪು ನಂದೇ ಅಂತ ಬರ್ಕೊಡ್ತೀನಿ."

ಒದ್ದೆ ಸೀರೆಯನ್ನು ಹಾಗೇ ಬಕೆಟ್ಟಿಗೆ ಹಾಕಿ ಕೆಳಗಿಳಿದೆ.

ಮರುದಿನ ಅವನು ಹೊರಟ ಮೇಲೆ ಅಂಗಡಿ ತೆರೆಯದೆ ಬಸ್ಸು ಹತ್ತಿದೆ. ಕಾಲೇಜಿನ ಗೇಟಿನಲ್ಲಿ ಕೇಳಿಕೊಂಡು, ಮೆಟ್ಟಿಲು ಹತ್ತಿ, ಮೇಡಂ ಇದ್ದ ಕೋಣೆಯ ಬಾಗಿಲಲ್ಲಿ ನಿಂತೆ. ನನ್ನದೇ ವಯಸ್ಸಿನವರು, ಕಾಟನ್ ಸೀರೆ. ಸೆರಗಿಗೆ ಕುಚ್ಚಿರಲಿಲ್ಲ. ನಾನು ನವೀನನ ಅಕ್ಕ ಎಂದೆ. ಚಿತ್ರಗಳನ್ನೆಲ್ಲ ನಾನೇ ನೋಡಿದ್ದು, ಅವನಿಗೆ ಗೊತ್ತಿಲ್ಲ ಎಂದೆ. ಇಷ್ಟು ಹೇಳಿದರೆ ಮುಗಿಯುತ್ತದೆ ಎಂದುಕೊಂಡಿದ್ದೆ.

ಅವರು ಕುರ್ಚಿ ತೋರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೂತ್ಕೊಳ್ಳಿ. ತಮ್ಮನ್ನ ಉಳಿಸ್ಕೊಳ್ಳೋಕೆ ಯಾವ ಅಕ್ಕ ಆದ್ರೂ ಹೀಗೇ ಹೇಳ್ತಾರೆ ಅಲ್ವಾ?"

ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ನಿಜ ಹೇಳಿದ ದಿನ ನಂಬುವವರಿರಲಿಲ್ಲ.

"ನಿಮ್ಮ ಹತ್ರ ಕಣ್ಣು ಹಿಡಿಯೋ ಕ್ಯಾಮೆರಾ ಇದೆಯಂತಲ್ಲ ಮೇಡಂ" ಎಂದೆ. "ನನ್ನನ್ನ ಕೂರ್ಸಿ."

ಅವರು ನನ್ನನ್ನೇ ನೋಡಿದರು. ಆಮೇಲೆ ನವೀನನನ್ನು ಕರೆಸಿದರು. ಅವನು ಬಾಗಿಲಲ್ಲಿ ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟ. "ಅಕ್ಕ, ನೀನ್ ಯಾಕೆ ಬಂದೆ? ನಡಿ ಮನೆಗೆ."

"ನೀನು ಸುಮ್ನಿರು."

ಕಣ್ಣಿನ ಡಾಕ್ಟರ ಹತ್ತಿರ ಇರುವಂಥದ್ದೇ ಒಂದು ಪಟ್ಟಿಯ ಮೇಲೆ ಗದ್ದ ಊರಿಸಿದರು. "ಹಳೇ ಚಿತ್ರ ಬೇಡ, ನಿಮಗೆ ಪರಿಚಯ ಇರತ್ತೆ. ಇವು ಹೊಸವು. ಸುಮ್ನೆ ನೋಡ್ತಾ ಹೋಗಿ" ಎಂದರು ಮೇಡಂ. ಮಾರುಕಟ್ಟೆ ಬಂತು. ಶಾಲೆಯ ಅಂಗಳ ಬಂತು. ಮೆಟ್ಟಿಲ ಮೇಲೆ ನಿಂತ ಮದುವೆಯ ಗುಂಪು ಬಂತು. ಕೊನೆಗೆ ಹೊಸ ಮನೆಯೊಂದರ ಮುಂಭಾಗ: ಮಾವಿನ ತೋರಣ, ನಗುವ ಜನ, ಹೊಸ ಲಂಗ ತೊಟ್ಟ ಹುಡುಗಿ. ನನಗೆ ಅವರಾರೂ ಕಾಣಲಿಲ್ಲ. ಮೂಲೆಯಲ್ಲಿ, ಚಪ್ಪಲಿಗಳ ಹಿಂದೆ, ಅರ್ಧ ಸರಿದ ಸಂಪಿನ ಮುಚ್ಚಳವಿತ್ತು. ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

ಮೇಡಂ ಅದನ್ನೂ ಹಳೆಯವನ್ನೂ ಪಕ್ಕಪಕ್ಕ ಇಟ್ಟರು. ಬಹಳ ಹೊತ್ತು ನೋಡಿದರು. ಶಾಲೆಯ ಚಿತ್ರದಲ್ಲಿ ಜಾರುಬಂಡೆಯ ತುದಿ ಕೆಂಪು. ಮದುವೆಯ ಚಿತ್ರದಲ್ಲಿ ಮೆಟ್ಟಿಲಿನ ಅಂಚು ಕೆಂಪು. ಹೊಸ ಮನೆಯಲ್ಲಿ ಆ ಒಂದು ಮೂಲೆ ಹೊತ್ತಿ ಉರಿಯುತ್ತಿರುವ ಹಾಗೆ ಕೆಂಪು.

"ಇವ್ರದ್ದೇ" ಎಂದರು ಮೇಡಂ ಕೊನೆಗೆ, ತಮಗೆ ತಾವೇ ಹೇಳಿಕೊಂಡಂತೆ. "ನವೀನ್, ಹಳೇದು ಯಾವುದನ್ನೂ ಇಟ್ಕೊಳ್ಳೋಕಾಗಲ್ಲ. ಒಬ್ಬರ ನೋಟವನ್ನ ಒಂದು ಊರಿನ ನೋಟ ಅನ್ನೋಕಾಗಲ್ಲ. ಮೊದಲಿಂದ ಮಾಡ್ಬೇಕು. ಈ ಸೆಮಿಸ್ಟರ್ ಹೋಯ್ತು ಅಂದ್ಕೊಳ್ಳಿ." ಹಾಗೆಂದು, ನೀರು ತರುವ ನೆಪದಲ್ಲಿ ಎದ್ದು ಹೊರಗೆ ಹೋದರು.

ನವೀನ ಪರದೆಯ ಹತ್ತಿರ ಬಂದ. ಸಂಪಿನ ಮೇಲಿನ ಕೆಂಪನ್ನು ಬೆರಳಿಂದ ಮುಟ್ಟಿದ.

"ಪದ್ಮಕ್ಕ ಕರಿಬೇವು ತಂದ ದಿನಾನೇ ಗೊತ್ತಾಯ್ತಕ್ಕ" ಎಂದ.

"ಮತ್ಯಾಕೋ ಕೇಳ್ಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಕಾದೆ." ನನ್ನ ಕಡೆ ತಿರುಗಿ, "ನಾನು ಆ ಸಂಪಲ್ಲಿಲ್ಲ ಅಕ್ಕ. ಎದ್ದು ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಇಲ್ಲಿ ನಿಂತಿದೀನಿ ನೋಡು."

ಪಟ್ಟಿಯಿಂದ ಗದ್ದ ತೆಗೆದೆ. ಅವನು ಸಂಪಿಗೆ ಬಿದ್ದಂದಿನಿಂದ ಅವನ ಸುತ್ತಲಿನ ನೆಲವನ್ನೇ ನೋಡುತ್ತಾ ಬಂದಿದ್ದೆ. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿರುವುದು, ಕೆನ್ನೆ ಒಳಗೆ ಹೋಗಿರುವುದು, ಆ ಮಳೆಗಾಲವೆಲ್ಲ ನನಗೆ ಕಂಡೇ ಇರಲಿಲ್ಲ. ಈಗ ಕಂಡಿತು. ಅವನ ಮುಖದಿಂದ ಕಣ್ಣು ತೆಗೆಯದೆ ಹೇಳಿದೆ:

"ತಪ್ಪಾಯ್ತು ಕಣೋ ನವೀನ. ಚಿತ್ರ ನೋಡಿದ್ದು ನಾನು. ನಿನ್ನನ್ನ ಸುಳ್ಳ ಅಂದಾಗ ಗೊತ್ತಿದ್ದೂ ಸುಮ್ನಿದ್ದಿದ್ದು ನಾನು. ನಿನ್ನ ಒಂದು ಸಲ ಬೀಳೋಕೆ ಬಿಟ್ಟಿದ್ದೆ, ಈಗ ಇನ್ನೊಂದು ಸಲ ಬಿಟ್ಟೆ. ನನ್ನ ಕ್ಷಮಿಸಪ್ಪ."